ಸತ್ಯಾಂಶ: ಟೆನೆರಿಫ್ ದುರಂತಕ್ಕೆ ಇಂಗ್ಲಿಷ್ ಬಾರದ್ದು ಕಾರಣವಲ್ಲ

ಅಂಕೋಲಾ ಬಳಿಯ ಅಲಗೇರಿ ವಿಮಾನ ನಿಲ್ದಾಣದ ಮಾತು ಬಂದಾಗೆಲ್ಲ ಕಾರವಾರದ ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತದೆ: "1977ರಲ್ಲಿ ಪೈಲಟ್‌ಗೆ ಇಂಗ್ಲಿಷ್ ಬಾರದೆ 583 ಜನ ಸತ್ತರು." ಸ್ಪೇನಿನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ನೆದರ್ಲ್ಯಾಂಡ್ಸ್‌ನ ಕೆಎಲ್‌ಎಂ ಮತ್ತು ಅಮೆರಿಕದ ಪ್ಯಾನ್ ಆಮ್ ಕಂಪನಿಗಳ ವಿಮಾನಗಳು ಡಿಕ್ಕಿಯಾದ ದುರಂತ ಅದು. ಸಾವಿನ ಲೆಕ್ಕ ಸರಿ, ಕಾರಣ ತಪ್ಪು.

ಕೆಎಲ್‌ಎಂ ಪೈಲಟ್‌ಗಳಿಗೆ ಇಂಗ್ಲಿಷ್ ಚೆನ್ನಾಗೇ ಬರುತ್ತಿತ್ತು. ದಟ್ಟ ಮಂಜಿನಲ್ಲಿ, ಅನುಮತಿ ಸಿಗುವ ಮೊದಲೇ ಕ್ಯಾಪ್ಟನ್ ವಿಮಾನ ಓಡಿಸಿದರು. ಅವರ ಸಹಪೈಲಟ್ 'ನಾವೀಗ ಟೇಕಾಫ್‌ನಲ್ಲಿದ್ದೇವೆ' ಎಂದದ್ದನ್ನು ನಿಲ್ದಾಣದ ಕಂಟ್ರೋಲ್ ಟವರ್‌ನವರು 'ಹೊರಡಲು ತಯಾರಾಗಿ ನಿಂತಿದ್ದೇವೆ' ಎಂದುಕೊಂಡರು. 'ಓಕೆ' ಎಂದು, ಆಮೇಲೆ ಕಾಯಲು ಹೇಳಿದರು. ಅದೇ ಹೊತ್ತಿಗೆ ರನ್‌ವೇಯಲ್ಲೇ ಇದ್ದ ಪ್ಯಾನ್ ಆಮ್‌ನವರೂ ಮಾತಾಡಿದರು. ಇಬ್ಬರು ಒಟ್ಟಿಗೆ ವೈರ್‌ಲೆಸ್ ಗುಂಡಿ ಒತ್ತಿದರೆ ಏನಾಗುತ್ತದೆ ಅಂತ ಕಾರವಾರದ ಬೈತಖೋಲ ಬಂದರಿನ ಬೋಟಿನವರಿಗೆ ಗೊತ್ತು, ಅಲ್ವಾ? ಕೆಎಲ್‌ಎಂಗೆ 'ಓಕೆ' ಸ್ಪಷ್ಟವಾಗಿ ಕೇಳಿತು. ಉಳಿದದ್ದು ಕೀರಲು ಸದ್ದಿನಲ್ಲಿ ಮುಚ್ಚಿಹೋಯಿತು.

ಈಗ ಅನುಮತಿ ಕೊಡುವಾಗ, ರದ್ದು ಮಾಡುವಾಗ ಬಿಟ್ಟರೆ ಟವರ್‌ನವರು 'ಟೇಕಾಫ್' ಅನ್ನುವ ಹಾಗಿಲ್ಲ. ಕೊಟ್ಟ ಅನುಮತಿಯನ್ನು ಪೈಲಟ್ ತಿರುಗಿ ಹೇಳಲೇಬೇಕು.