"ಯಾವ ಪಿಕ್ಚರ್ ಹಾಡು ಇದು?"

ನಮ್ಮ ಬ್ಯಾಂಡಿನ ಮೊದಲ ಹಾಡನ್ನು ಪೆನ್ ಡ್ರೈವಿಗೆ ಹಾಕ್ಕೊಂಡು ಬೆಂಗಳೂರಿನ ಒಂದು ಎಫ್‌ಎಂ ಸ್ಟೇಷನ್ನಿಗೆ ಹೋಗಿದ್ದೆ. ಹಾಡು ಆರಿಸುವ ಕೆಲಸದಲ್ಲಿದ್ದವರು ಒಳ್ಳೆ ಮನುಷ್ಯ. ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳಿದರು, ಮೇಜಿನ ಮೇಲೆ ಬೆರಳಲ್ಲಿ ತಾಳವನ್ನೂ ಹಾಕಿದರು. ಆಮೇಲೆ ಕೇಳಿದ್ದು ಒಂದೇ: "ಯಾವ ಪಿಕ್ಚರ್ ಹಾಡು ಇದು?"

ಯಾವುದೂ ಅಲ್ಲ ಸರ್, ನಮ್ಮದೇ ಅಂದೆ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಪ್ರತಿ ಹಾಡಿನ ಮುಂದೆ ಚಿತ್ರ, ಹೀರೋ, ವರ್ಷ, ಆಡಿಯೋ ಕಂಪನಿ ಅಂತ ಖಾನೆಗಳು. ಇಡೀ ದಿನದ ಪಟ್ಟಿ ತಯಾರಾಗೋದೇ ಅದರಿಂದ. ನಮ್ಮ ಹಾಡಿಗೆ ತುಂಬೋಕೆ ಇದ್ದದ್ದು ವರ್ಷ ಒಂದೇ.

ಅವತ್ತಿಂದ "ಹಾಡು ಚೆನ್ನಾಗಿದ್ರೆ ರೇಡಿಯೋದಲ್ಲಿ ಬಂದೇ ಬರುತ್ತೆ" ಅನ್ನೋ ಮಾತನ್ನು ನಾನು ಒಪ್ಪಲ್ಲ. ಗಾಯಕ ರಘು ದೀಕ್ಷಿತ್ ಅವರ, ಸಿನಿಮಾದ್ದಲ್ಲದ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಅವರು ಸಂಗೀತ ಕೊಟ್ಟ 'ಸೈಕೋ' ಚಿತ್ರವೂ ಅದೇ ವರ್ಷದ್ದು. ಆ ಚಿತ್ರದ ಮಾದೇಶ್ವರನ ಹಾಡು ಊರೂರಲ್ಲಿ ಕೇಳಿಸಿತು. ಅದೇ ಮನುಷ್ಯ, ಅದೇ ಜಾನಪದದ ಸೊಗಡು. ನಮ್ಮ ಕಡೆ ಎಷ್ಟೋ ಜನಕ್ಕೆ ಅವರ ಹೆಸರು ಮೊದಲು ಗೊತ್ತಾಗಿದ್ದು ಸಿನಿಮಾ ಹಾಡಿನಿಂದಲೇ.

ತಪ್ಪು ನಮ್ಮ ಕಡೆಯೂ ಇದೆ, ಅದನ್ನೂ ಹೇಳ್ಬೇಕು. ಸಿನಿಮಾ ಹಾಡಿನ ಹಕ್ಕು ಆಡಿಯೋ ಕಂಪನಿ ಹತ್ರ ಇರುತ್ತೆ, ಸ್ಟೇಷನ್ನಿನವರು ಒಂದು ಒಪ್ಪಂದ ಮಾಡ್ಕೊಂಡ್ರೆ ಸಾವಿರಾರು ಹಾಡು ಸಿಗುತ್ತೆ. ನಮ್ಮ ಒಂದು ಹಾಡಿಗೆ ಸಾಹಿತ್ಯ ಯಾರದ್ದು, ರಾಗ ಯಾರದ್ದು, ರೆಕಾರ್ಡಿಂಗ್ ಯಾರದ್ದು ಅಂತ ಬೇರೆಯೇ ಪತ್ರ ಬೇಕು. ನಮ್ಮ ಹತ್ರ ಒಂದು ಚೀಟಿಯೂ ಇರಲಿಲ್ಲ. ಸಾಹಿತ್ಯ ಬರೆದ ಗೆಳೆಯ ಅಷ್ಟೊತ್ತಿಗೆ ದುಬೈ ಸೇರಿದ್ದ. ಶರೀಫರ ತತ್ವಪದ ಹಾಡೋರಿಗೆ ಸಾಹಿತ್ಯದ ಚಿಂತೆ ಇಲ್ಲ, ಶರೀಫರು ತೀರಿಕೊಂಡದ್ದು 1889ರಲ್ಲಿ. ಆದರೆ ಕವಿ ಹೋಗಿ 60 ವರ್ಷ ಆಗದ ಭಾವಗೀತೆ ಎತ್ಕೊಂಡ್ರೆ ಅವರ ಮನೆಯವರದ್ದೋ, ಹಕ್ಕು ಯಾರ ಹತ್ರ ಇದೆಯೋ ಅವರದ್ದೋ ಅನುಮತಿ ಬೇಕು. ಇದು ಗೊತ್ತಿಲ್ಲದೆ ಎಷ್ಟು ಬ್ಯಾಂಡಿನವರು ಸ್ಟುಡಿಯೋಗೆ ದುಡ್ಡು ಸುರೀತಾರೋ!

ಇನ್ನೊಂದು, ಉದ್ದ. ನಮ್ಮ ಹಾಡು 6 ನಿಮಿಷ 40 ಸೆಕೆಂಡು. ಮೊದಲ 50 ಸೆಕೆಂಡು ಬರೀ ಮಳೆ ಸದ್ದು, ಕೊಳಲು. ಸಿಗ್ನಲ್‌ನಲ್ಲಿ ನಿಂತಿರೋ ಆಟೋ ಡ್ರೈವರ್ ಅಷ್ಟು ಹೊತ್ತು ಕಾಯಲ್ಲ, ಚಾನೆಲ್ ತಿರುಗಿಸ್ತಾನೆ. ಕುಳಿತು 3 ನಿಮಿಷ 45 ಸೆಕೆಂಡಿಗೆ ಇಳಿಸಿದ್ವಿ. ಮಳೆ ಹೋಯ್ತು, ಕೊಳಲು ಉಳೀತು.

ಇಷ್ಟೆಲ್ಲ ಮಾಡಿದ ಮೇಲೂ ಹಾಡು ಕೊಡೋಕೆ ಒಂದು ಜಾಗ ಬೇಕಲ್ಲ? ಆಕಾಶವಾಣಿಯಲ್ಲಿ ಆಡಿಷನ್ ಇದೆ. ಪಾಸಾದ ಸುಗಮ ಸಂಗೀತದ ಗಾಯಕರಿಗೆ ಗ್ರೇಡ್ ಕೊಟ್ಟು ಕರೆದು ಹಾಡಿಸ್ತಾರೆ. ಬ್ರಿಟನ್ನಿನ ಬಿಬಿಸಿ 2007ರಿಂದ 'ಇಂಟ್ರೊಡ್ಯೂಸಿಂಗ್' ಅನ್ನೋ ಕಾರ್ಯಕ್ರಮ ನಡೆಸ್ತಿದೆ. ಹೆಸರಿಲ್ಲದ ಬ್ಯಾಂಡು ಹಾಡು ಅಪ್‌ಲೋಡ್ ಮಾಡುತ್ತೆ, ಆ ಊರಿನ ಸ್ಟೇಷನ್ನಿನವರು ಕೇಳ್ತಾರೆ, ಹಿಡಿಸಿದ್ದನ್ನು ಹಾಕ್ತಾರೆ, ಕೆಲವು ಇಡೀ ದೇಶಕ್ಕೆ ಹೋಗುತ್ತೆ. ನಮ್ಮ ಖಾಸಗಿ ಎಫ್‌ಎಂನಲ್ಲಿ ಪರಿಚಯದವರ ಫೋನ್ ನಂಬರ್ ಇದ್ದವರು ಒಳಗೆ, ಇಲ್ಲದವರು ಹೊರಗೆ. ನನಗೆ ಸಂಕಟ ಆಗೋದು ಇಲ್ಲೇ. ಹಾವೇರಿಯಲ್ಲೋ ಕೋಲಾರದಲ್ಲೋ ಕೂತು ಹಾಡು ಕಟ್ಟೋ ಹುಡುಗರು ಯಾರ ನಂಬರಿಗೆ ಫೋನ್ ಮಾಡ್ಬೇಕು?

ರಾತ್ರಿ ಹತ್ತರ ಮೇಲೆ ಅರ್ಧ ಗಂಟೆ ಕೊಡಿ, ಸಾಕು. ಯಾರಾದ್ರೂ ಸ್ಟೇಷನ್ನಿನವರು ಇದನ್ನು ಓದ್ತಿದ್ರೆ ದಯವಿಟ್ಟು ಹೇಳಿ. ದುಬೈ ಗೆಳೆಯನ ಸಹಿಯೂ ಬಂದಿದೆ. ಪತ್ರಗಳ ಸಮೇತ ಬರ್ತೀವಿ, ಗೊತ್ತಿರೋ ಇನ್ನೂ ನಾಲ್ಕು ಬ್ಯಾಂಡಿನವರನ್ನು ಕರ್ಕೊಂಡೇ ಬರ್ತೀವಿ.