ಕಾಯಿ ಕೆಡವೋದು ತಪ್ಪಲ್ಲ

ನಿನ್ನೆ ಮಗಳ ಕನ್ನಡ ನೋಟ್‌ಬುಕ್ ನೋಡಿ ಸಂಕಟವಾಯಿತು. ತಿಪಟೂರಿನ ನಮ್ಮ ತೋಟದ ಬಗ್ಗೆ ಪ್ರಬಂಧ ಬರೆದಿದ್ದಾಳೆ. ‘ತಾತ ಕಾಯಿ ಕೆಡವಿಸಿದರು’ ಅನ್ನೋ ಸಾಲಿಗೆ ಕೆಂಪು ಗೆರೆ, ಮೇಲೆ ‘ಬೀಳಿಸಿದರು’ ಅಂತ ತಿದ್ದುಪಡಿ. “ಕೆಡವು ಅಂದ್ರೆ ಹಾಳು ಮಾಡು ಅಂತೆ ಅಪ್ಪ, ಮಿಸ್ ಹೇಳಿದ್ರು” ಅಂದಳು.

ಹಾಳು ಮಾಡೋದು ಕೆಡಿಸು. ಅದು ‘ಕೆಡು’ವಿನ ಮನೆಯದು. ಕೆಡವು ಬಂದದ್ದು ಹಳಗನ್ನಡದ ‘ಕೆಡೆ’ಯಿಂದ, ಕೆಡೆ ಅಂದರೆ ಬೀಳು. ಬೀಳುವಂತೆ ಮಾಡುವುದು ಕೆಡಪು. ಪಾಲು ಹಾಲಾದ ಹಾಗೆ ಕೆಡಪು ಕೆಡಹು ಆಯಿತು, ನಮ್ಮ ಬಾಯಲ್ಲಿ ಕೆಡವು.

ಕಾಯಿ ಕೆಡವೋದನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಉದ್ದನೆಯ ಬಿದಿರು ಗಳ, ತುದಿಗೆ ಬಿಗಿದು ಕಟ್ಟಿದ ಕುಡುಗೋಲು. ಕೆಡವೋ ಅಣ್ಣ ಕತ್ತೆತ್ತಿ ಗೊನೆ ನೋಡ್ತಾನೆ. ಯಾವುದು ಬಲಿತಿದೆ, ಯಾವುದಿನ್ನೂ ಎಳನೀರು ಅನ್ನೋದು ಅವನ ಕಣ್ಣಿಗೆ ಗೊತ್ತು. ಕುಡುಗೋಲು ಸಿಕ್ಕಿಸಿ ಒಂದೇ ಎಳೆತ, ಧಡ್ ಅಂತ ನೆಲ ಅದುರುತ್ತೆ. “ಏಯ್, ಆ ಕಡೆ ನಿಂತ್ಕೊಳ್ಳೇ ಮಗಾ!” ಅಂತ ನಮ್ಮಪ್ಪ ಮೊಮ್ಮಗಳನ್ನು ಗದರ್ತಾರೆ. ರಾತ್ರಿ ಗಾಳಿಗೆ ಉದುರಿದ್ದು ಬಿದ್ದ ಕಾಯಿ. ಅದನ್ನು ಯಾರೂ ಕೆಡವಿದ ಕಾಯಿ ಅನ್ನಲ್ಲ. ಕೆಡವಿದ್ದು ಅಟ್ಟ ಸೇರಿ ಹತ್ತು-ಹನ್ನೊಂದು ತಿಂಗಳು ಒಣಗಿದರೆ ಉಂಡೆ ಕೊಬ್ಬರಿ.

ಕೈಯಲ್ಲಿದ್ದ ಪೆನ್ಸಿಲ್ ಬೀಳಿಸ್ತೀವಿ, ಕೆಡವಲ್ಲ. ಕೆಡವಬೇಕಾದರೆ ಅದು ನಿಂತಿರಬೇಕು, ಇಲ್ಲವೇ ಎತ್ತರದಲ್ಲಿ ಕಚ್ಚಿಕೊಂಡಿರಬೇಕು. ಗೋಡೆ, ಸ್ಟ್ಯಾಂಡ್ ಹಾಕಿದ ಬೈಕು, ಅಖಾಡದ ಜಟ್ಟಿ. ‘ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಅನ್ನೋ ಜಟ್ಟಿ ಕೂಡ ತಾನು ಬಿದ್ದೆ ಅಂತಲೇ ಹೇಳ್ತಾನೆ, ಎದುರಾಳಿ ಕೆಡವಿದ ಅಂತ ಒಪ್ಪಲ್ಲ. ಆ ಕ್ರಿಯಾಪದದ ಬೆನ್ನಿಗೆ ಕೆಡವಿದವನ ಹೆಸರು ಅಂಟಿಕೊಂಡೇ ಬರುತ್ತಲ್ಲ!

2019ರ ಜುಲೈ 23ರಂದು ವಿಧಾನಸಭೆಯಲ್ಲಿ ಕುಮಾರಸ್ವಾಮಿಯವರ ಸರ್ಕಾರಕ್ಕೆ 99 ಮತ, ವಿರುದ್ಧ 105. ಇಂಥ ಸುದ್ದಿಗೆ ಪತ್ರಿಕೆಗಳು ‘ಪತನ’ ಅಂತ ಹಾಕ್ತವೆ, ಇಲ್ಲಾ ‘ಉರುಳಿತು’ ಅಂತ. ಮಳೆಗೆ ಮರ ಉರುಳಿದ ಹಾಗೆ. ಅರಳಿಕಟ್ಟೆಯ ಮೇಲೆ ಮಾತ್ರ ಒಬ್ಬರು ‘ಬಿತ್ತು’ ಅಂದರೆ ಇನ್ನೊಬ್ಬರು ‘ಕೆಡವಿದ್ರು’ ಅಂತಿದ್ರು. ಯಾರು ಯಾವ ಪಕ್ಷದ ಕಡೆ ಅಂತ ಕೇಳಬೇಕಾಗಿಯೇ ಇರಲಿಲ್ಲ. ಅಷ್ಟು ಚೂಪಾದ ಮಾತನ್ನು ಹಳ್ಳಿ ಮಾತು, ತಪ್ಪು ಮಾತು ಅಂತ ಮಕ್ಕಳ ಪುಸ್ತಕದಿಂದ ಹೊಡೆದುಹಾಕಿದರೆ ನನಗೆ ನಿಜಕ್ಕೂ ನೋವಾಗುತ್ತೆ.

ಸೋಮವಾರ ಶಾಲೆಗೆ ಹೋಗ್ತೀನಿ, ಜಗಳಕ್ಕಲ್ಲ. ಮುಂದಿನ ಸಲ ಕಾಯಿ ಕೆಡವಿಸೋ ದಿನ ಮಿಸ್ಸನ್ನ ತೋಟಕ್ಕೆ ಕರೆಯೋಣ ಅಂತ ಮಗಳೇ ಹೇಳಿದ್ದಾಳೆ.