ಚಾರ್ಲ್ಸ್‌ಟನ್ನಿನ ಸಭ್ಯತೆಯೂ ನಮ್ಮ ಸೋದರಮಾವನೂ

ಅಮೆರಿಕದ ದಕ್ಷಿಣ ಕ್ಯಾರೊಲೈನಾ ರಾಜ್ಯದ ಚಾರ್ಲ್ಸ್‌ಟನ್, ನಯವಿನಯಕ್ಕೆ ಹೆಸರಾದ ಬಂದರು ನಗರ. 1670ರಲ್ಲಿ ಹುಟ್ಟಿದ ಈ ಊರಿಗೆ ಸ್ವಾಭಿಮಾನವೂ ತುಸು ಹೆಚ್ಚೇ. ತಮ್ಮೂರಿನ ಆಶ್ಲಿ ಮತ್ತು ಕೂಪರ್ ನದಿಗಳು ಕೂಡಿಯೇ ಅಟ್ಲಾಂಟಿಕ್ ಮಹಾಸಾಗರವಾಯಿತು ಎಂದು ಅಲ್ಲಿಯವರು ಮುಖದಲ್ಲಿ ನಗು ಸುಳಿಯಗೊಡದೆ ಹೇಳುತ್ತಾರೆ. ಇಂಥ ಊರಿಗೆ ಕುಂದಾಪುರದಿಂದ ಬಂದ ಸೋದರಮಾವ ಮತ್ತು ಅತ್ತೆಯನ್ನು ಕರೆದೊಯ್ದರೆ ಯಾರ ಸಂಯಮ ಮೊದಲು ಸಡಿಲುತ್ತದೆ ಎಂಬ ಕುತೂಹಲ, ನೆರೆಯ ಉತ್ತರ ಕ್ಯಾರೊಲೈನಾದ ಷಾರ್ಲಟ್‌ನಿಂದ ಕಾರು ಹೊರಡಿಸುವಾಗಲೇ ನನಗಿತ್ತು.

ಅಲ್ಲಿಯ ಹಳೆಯ ಮನೆಗಳು ಬೀದಿಗೆ ಮುಖ ತೋರಿಸುವುದಿಲ್ಲ. ಒಂದೇ ಕೋಣೆಯಷ್ಟು ಅಗಲವಾಗಿ, ಬೀದಿಗೆ ಪಕ್ಕೆ ಕೊಟ್ಟು, ನಿವೇಶನದ ಉದ್ದಕ್ಕೂ ಹಿಂದಕ್ಕೆ ಸಾಗುವ ಈ ಮನೆಗಳ ಮಗ್ಗುಲಲ್ಲಿ ಗಾಳಿ ಹಿಡಿಯಲೆಂದೇ ಕಟ್ಟಿದ ನೀಳ ಜಗುಲಿ ಇರುತ್ತದೆ. ಬೀದಿಯಿಂದ ಕಾಣುವ ಅಂದವಾದ ಬಾಗಿಲನ್ನು ದೂಡಿದರೆ ನಾವು ಸೇರುವುದು ಮನೆಯ ಒಳಗಲ್ಲ, ಆ ಜಗುಲಿಗೆ. ತೆರೆದಿದ್ದ ಅಂಥದೊಂದು ಬಾಗಿಲನ್ನು ಯಾವುದೋ ಸಾರ್ವಜನಿಕ ತೋಟದ ದಾರಿಯೆಂದು ಭಾವಿಸಿದ ಮಾವ ನೆಟ್ಟಗೆ ಒಳಹೊಕ್ಕು, ಅಲ್ಲಿದ್ದ ಉದ್ದನೆಯ ಹಲಗೆಯ ಮೇಲೆ ವಿಶ್ರಮಿಸಲು ಕುಳಿತರು. ಅದು ಜಾಗ್ಲಿಂಗ್ ಬೋರ್ಡ್. ಎರಡು ತುದಿಗಳಲ್ಲಿ ಮಾತ್ರ ಆಧಾರವಿರುವ ಆ ಹಲಗೆ ಭಾರ ಬಿದ್ದರೆ ಬಾಗಿ ಪುಟಿಯುತ್ತದೆ. ಮನೆಯೊಡತಿ ಹೊರಬಂದಾಗ ಪಂಚೆಯುಟ್ಟ ಅಪರಿಚಿತರೊಬ್ಬರು ತಮ್ಮ ಜಗುಲಿಯಲ್ಲಿ ಮೇಲೆ ಕೆಳಗೆ ಆಡುತ್ತಿದ್ದರು. ಆಕೆ ಕಿರುಚಲಿಲ್ಲ, ಬೀದಿ ಬಾಗಿಲು ತೆರೆದಿದ್ದರೆ ಬಂದವರನ್ನು ಸತ್ಕರಿಸುವುದು ತಮ್ಮೂರಿನ ಹಳೆಯ ವಾಡಿಕೆ ಎಂದು ಹೇಳಿ, ಮಂಜುಗಡ್ಡೆ ತುಂಬಿದ ಸಿಹಿ ಚಹಾ ತಂದಿತ್ತರು. ಮಾವನ ಸಕ್ಕರೆ ಕಾಯಿಲೆಯ ವಿಷಯವನ್ನು ಅತ್ತೆ ಕನ್ನಡದಲ್ಲಿ ಸಾರುತ್ತಿದ್ದಂತೆಯೇ ಲೋಟ ಬರಿದಾಗಿತ್ತು.

ಕುದುರೆ ಗಾಡಿಯ ಸವಾರಿ ಇನ್ನೊಂದು ಕಥೆ. ಎಲ್ಲ ಗಾಡಿಗಳೂ ಒಂದೇ ಬೀದಿಗೆ ನುಗ್ಗಬಾರದೆಂದು ನಗರಾಡಳಿತವು ಬಿಂಗೊ ಯಂತ್ರವೊಂದನ್ನಿಟ್ಟಿದ್ದು, ಅದರಿಂದ ಉದುರುವ ಚೆಂಡು ಯಾವ ಗಾಡಿ ಯಾವ ವಲಯಕ್ಕೆ ಹೋಗಬೇಕೆಂದು ತೀರ್ಮಾನಿಸುತ್ತದೆ. ಕಡಲ ತೀರದ ಸಿರಿವಂತರ ಮಹಲುಗಳನ್ನು ನೋಡುವ ಆಸೆಯಿಂದ ಹತ್ತಿದ ಮಾವನಿಗೆ ಚೆಂಡು ಕೈಕೊಟ್ಟು, ಊರಿನ ಮತ್ತೊಂದು ಮೂಲೆಯ ದರ್ಶನವಾಯಿತು. ಆದರೆ ಆ ನಷ್ಟವನ್ನು ಕುದುರೆಯೇ ತುಂಬಿಕೊಟ್ಟಿತು. ಅಲ್ಲಿಯ ಕುದುರೆಗಳು ಲದ್ದಿ ಬೀಳದಂತೆ ಚೀಲ ಕಟ್ಟಿಕೊಂಡೇ ನಡೆಯುತ್ತವೆ. ಮೂತ್ರಕ್ಕೆ ಚೀಲ ಕಟ್ಟಲಾಗದ ಕಾರಣ, ಅದು ಬಿದ್ದಲ್ಲಿ ಚಾಲಕ ಪುಟ್ಟ ಬಾವುಟವೊಂದನ್ನು ಎಸೆದು ತಿಳಿಸಬೇಕು, ಹಿಂದಿನಿಂದ ಬಂಡಿಯೊಂದು ಬಂದು ಆ ಜಾಗವನ್ನು ತೊಳೆಯಬೇಕು. ಚಾರ್ಲ್ಸ್‌ಟನ್ನಿನ ವಾಸ್ತುಶಿಲ್ಪದ ಬಗ್ಗೆ ಚಾಲಕ ಹೇಳಿದ ಒಂದು ಮಾತೂ ಮಾವನ ಕಿವಿಗೆ ಬೀಳಲಿಲ್ಲ. ತೊಳೆಯುವ ಬಂಡಿ ಬಂತೇ ಎಂದು ಅವರು ಕತ್ತು ತಿರುಗಿಸಿ ಕುಳಿತವರು, ಬಂದದ್ದನ್ನು ಕಂಡ ಮೇಲೆಯೇ ನೇರವಾದರು.

ಮರುದಿನ ಬೆಳಗ್ಗೆ ಸಿಟಿ ಮಾರ್ಕೆಟ್‌ನಲ್ಲಿ ಅತ್ತೆಯ ಸರದಿ. ಅಲ್ಲಿ ಆಫ್ರಿಕನ್ ಮೂಲದ ಗಲ್ಲಾ ಎಂಬ ಸಮುದಾಯದ ಮಹಿಳೆಯರು ಸ್ವೀಟ್‌ಗ್ರಾಸ್ ಎಂಬ ಹುಲ್ಲಿನ ಬುಟ್ಟಿಗಳನ್ನು ಹೆಣೆಯುತ್ತಾರೆ. ಹುಲ್ಲಿನ ಸಿಂಬೆಗಳ ನಡುವೆ ಚಮಚದ ಹಿಡಿಯಿಂದ ಸಂದು ಮಾಡಿ, ಪಾಲ್ಮೆಟೊ ಎಂಬ ತಾಳೆ ಜಾತಿಯ ಮರದ ಎಲೆಯ ಎಳೆಯನ್ನು ತೂರಿಸಿ ಬಿಗಿಯುವ ಕೆಲಸವನ್ನು ಅತ್ತೆ ಬಹಳ ಹೊತ್ತು ನೋಡಿದರು. ತಟ್ಟೆಯಂಥ ಅಗಲವಾದ ಬುಟ್ಟಿಯೊಂದನ್ನು ಎತ್ತಿಕೊಂಡು, ಯಾರೂ ಕೇಳದಿದ್ದರೂ, ಇಲ್ಲದ ಅಕ್ಕಿಯನ್ನು ಅದರಲ್ಲಿ ಕೇರತೊಡಗಿದರು. ಹೆಣೆಯುತ್ತಿದ್ದ ಅಜ್ಜಿ ಮೊದಲ ಬಾರಿಗೆ ತಲೆಯೆತ್ತಿ ಗಟ್ಟಿಯಾಗಿ ನಕ್ಕರು. ಅದು ನಿಜವಾಗಿಯೂ ಅಕ್ಕಿ ಕೇರಲೆಂದೇ ಇದ್ದ ಮಾದರಿಯಾಗಿತ್ತು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಎಳೆತರಲ್ಪಟ್ಟವರು ಜೊತೆಗೆ ತಂದ ವಿದ್ಯೆ ಅದು. ಈ ಊರಿನ ಮಹಲುಗಳನ್ನೆಲ್ಲ ನಿಲ್ಲಿಸಿದ ಭತ್ತದ ಐಶ್ವರ್ಯದ ಹಿಂದೆ ಇದ್ದದ್ದು ಆ ಜನರ ದುಡಿಮೆ. ಬೆಲೆ ಕೇಳಿದಾಗ ಮಾತ್ರ ಅತ್ತೆಯ ಕೈ ನಿಂತಿತು. ಆ ಹಣದಲ್ಲಿ ಕುಂದಾಪುರದ ಅರ್ಧ ಪೇಟೆಗೆ ಮೊರ ಹಂಚಬಹುದೆಂದು ಗೊಣಗಿದರೂ, ಸಣ್ಣದೊಂದನ್ನು ಕೊಂಡೇ ಬಿಟ್ಟರು.

ಚೌಕಾಸಿ ಮುಗಿಯುವಷ್ಟರಲ್ಲಿ ಬೀದಿಯಲ್ಲಿ ನೀರಿತ್ತು. ಮಳೆಯಿಲ್ಲ, ಮೋಡವಿಲ್ಲ, ಅಕ್ಟೋಬರ್ ತಿಂಗಳ ತಿಳಿ ಬಿಸಿಲು; ಆದರೂ ಚರಂಡಿಯ ಜಾಲರಿಗಳಿಂದ ನೀರು ಗುಳುಗುಳು ಎಂದು ಮೇಲೇರುತ್ತಿತ್ತು. ಮಾರ್ಕೆಟ್ ಬೀದಿ ಒಂದು ಕಾಲದಲ್ಲಿ ಕಡಲ ತೊರೆಯಾಗಿದ್ದು, ಅದನ್ನು ತುಂಬಿ ಊರು ಬೆಳೆಸಿದ್ದಾರೆ. ದೊಡ್ಡ ಉಬ್ಬರ ಬಂದಾಗ ತೊರೆಗೆ ತನ್ನ ಹಳೆಯ ವಿಳಾಸ ನೆನಪಾಗುತ್ತದೆ. ನಮ್ಮ ಕಾರು ಆ ವಿಳಾಸದಲ್ಲೇ ನಿಂತಿತ್ತು. ಮಾವ ಪಂಚೆಯನ್ನು ಮೊಣಕಾಲಿನ ಮೇಲಕ್ಕೆತ್ತಿ ಕಟ್ಟಿ, ಪ್ಯಾಂಟಿನವರನ್ನೆಲ್ಲ ಕನಿಕರದಿಂದ ನೋಡುತ್ತಾ ನೀರಿಗಿಳಿದರು. "ಸೀಗೆ ಹುಣ್ಣಿಮೆ ಮೊನ್ನೆ ತಾನೇ ಕಳೆಯಿತು, ಉಬ್ಬರ ಏರದೆ ಇರುತ್ತದೆಯೇ? ನೀವು ಕುದುರೆಗೆ ಬಾವುಟ ಇಡುತ್ತೀರಿ, ಸಮುದ್ರಕ್ಕೆ ಇಡುವುದಿಲ್ಲ," ಎಂದು ಪಕ್ಕದಲ್ಲಿ ನಿಂತಿದ್ದ ಅಂಗಡಿಯವನಿಗೆ ಇಂಗ್ಲಿಷಿನಲ್ಲೇ ಹೇಳಿದರು. ಆತ ವಿನಯದಿಂದ ಒಪ್ಪಿಕೊಂಡು, ನೀರು ಇಳಿದೊಡನೆ ಕಾರಿನ ತಳವನ್ನು ಸಿಹಿನೀರಿನಿಂದ ತೊಳೆಸಿರಿ, ಇಲ್ಲವಾದರೆ ಉಪ್ಪು ಕಬ್ಬಿಣವನ್ನು ತಿಂದುಬಿಡುತ್ತದೆ ಎಂದು ಬುದ್ಧಿ ಹೇಳಿದ.

ಮಧ್ಯಾಹ್ನ ಕಾರು ತೊಳೆಯುವಲ್ಲಿಗೆ ಹೋದರೆ ಅಲ್ಲಿ ಉದ್ದನೆಯ ಸಾಲಿತ್ತು. ಎಲ್ಲರೂ ಊರಿನವರೇ, ಒಬ್ಬರಿಗೊಬ್ಬರು ಪರಿಚಿತರೇ. ಹಿಂದಿನ ಉಬ್ಬರದಲ್ಲಿ ಭೇಟಿಯಾದಾಗ ಅರ್ಧಕ್ಕೆ ನಿಂತಿದ್ದ ಮಾತುಗಳನ್ನು ಸಾವಕಾಶವಾಗಿ ಮುಂದುವರಿಸುತ್ತಿದ್ದರು. ನಮ್ಮ ಸರದಿ ಬರುವ ಹೊತ್ತಿಗೆ ಮಾವನಿಗೂ ಅವರಲ್ಲಿ ಇಬ್ಬರ ಮೊಮ್ಮಕ್ಕಳ ಹೆಸರು ಗೊತ್ತಾಗಿತ್ತು.